ಈರುಳ್ಳಿ ಊಟಕ್ಕೆ, ಮಾತ್ರೆ ಕಾಯಿಲೆಗೆ



ಸಿರುಗುಪ್ಪ ಕಡೆಯ ಯಜಮಾನರೊಬ್ಬರು ಬಿ.ಪಿ. ಏರಿ, ತಲೆ ತಿರುಗಿ ಬಿದ್ದು ನಮ್ಮ ವಾರ್ಡಿಗೆ ಬಂದಿದ್ದರು. "ಮಾತ್ರೆ ತಗೊಂಡಿರಲಿಲ್ಲೇನ್ರೀ ಅಜ್ಜಾರ?" ಎಂದು ಕೇಳಿದೆ. "ಬಿಟ್ಟು ಎರಡು ತಿಂಗಳಾತವ್ವಾ. ದಿನಾ ಹಸಿ ಉಳ್ಳಾಗಡ್ಡಿ ತಿಂದ್ರ ಬಿ.ಪಿ. ಇಳೀತೈತಿ ಅಂತ ಹೇಳಿದ್ರು" ಎಂದರು. ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಇಂದು ತಿಳಿಯೋಣ.

ಗಿಡಗಳು ಬಿಸಿಲು, ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ತಯಾರಿಸಿಕೊಳ್ಳುತ್ತವೆ. ಈರುಳ್ಳಿ, ನುಗ್ಗೆಸೊಪ್ಪು, ನಿಂಬೆ, ಚಹಾ ಎಲ್ಲದರಲ್ಲೂ ಇವು ಇವೆ. 1936ರಲ್ಲಿ ಹಂಗೇರಿಯ ವಿಜ್ಞಾನಿ ಸೆಂಟ್ ಜ್ಯೋರ್ಜಿ ಇವನ್ನು 'ವಿಟಮಿನ್ ಪಿ' ಎಂದು ಕರೆದರು. ಇವು ವಿಟಮಿನ್ ಅಲ್ಲವೆಂದು ತಿಳಿದ ಮೇಲೆ ಆ ಹೆಸರು ಬಿಟ್ಟುಹೋಯಿತು.

ತಮಿಳುನಾಡಿನವರು ದೊಡ್ಡ ಈರುಳ್ಳಿಯನ್ನು ನಮ್ಮ ಬಳ್ಳಾರಿಯ ಹೆಸರಿನಿಂದಲೇ ಕರೆಯುತ್ತಾರೆ. ಅದರಲ್ಲಿರುವ ಫ್ಲೇವನಾಯ್ಡ್ ಕ್ವೆರ್ಸೆಟಿನ್. ಅದು ಸಕ್ಕರೆಯ ಅಂಶಕ್ಕೆ ಅಂಟಿಕೊಂಡಿರುತ್ತದೆ. ಸಣ್ಣ ಕರುಳು ಆ ಸಕ್ಕರೆಯನ್ನು ಕಳಚಿ, ಸ್ವಲ್ಪ ಭಾಗವನ್ನು ಹೀರಿಕೊಳ್ಳುತ್ತದೆ. ಕರುಳಿನ ಗೋಡೆ ಮತ್ತು ಲಿವರ್ ಅದನ್ನು ಮಾರ್ಪಡಿಸಿ, ಮೂತ್ರ ಮತ್ತು ಪಿತ್ತರಸದ ಮೂಲಕ ಹೊರಗೆ ಕಳಿಸುತ್ತವೆ. ಉಳಿದದ್ದನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ.

ದಿನಕ್ಕೆ 500 ಮಿಲಿಗ್ರಾಂನಷ್ಟು ಕ್ವೆರ್ಸೆಟಿನ್ ಕೊಟ್ಟು ನೋಡಿದಾಗ ಮೇಲಿನ ಬಿ.ಪಿ. ಸರಾಸರಿ ಮೂರು-ನಾಲ್ಕು ಪಾಯಿಂಟ್ ಇಳಿದಿದೆ. ಅಷ್ಟು ಕ್ವೆರ್ಸೆಟಿನ್ ಸಿಗಬೇಕಾದರೆ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಈರುಳ್ಳಿ ತಿನ್ನಬೇಕು! ಆದ್ದರಿಂದ ಈರುಳ್ಳಿ ಮಾತ್ರೆಯ ಬದಲಿಗೆ ಬರುವುದಿಲ್ಲ. ಹಾಗೆಂದು ಅದನ್ನು ಬಿಡಬೇಡಿ. ರೊಟ್ಟಿಯ ಜೊತೆ ನಂಜಿಕೊಳ್ಳಿ. ಸುಲಿಯುವಾಗ ಒಣಸಿಪ್ಪೆಯನ್ನಷ್ಟೇ ತೆಗೆಯಿರಿ, ಏಕೆಂದರೆ ಹೊರಗಿನ ಪದರದಲ್ಲೇ ಸತ್ವ ಹೆಚ್ಚು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ.

ಕ್ವೆರ್ಸೆಟಿನ್ ಕ್ಯಾಪ್ಸೂಲುಗಳ ಮಾತೇ ಬೇರೆ. ಮುಖ್ಯವಾಗಿ ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು.

ಕುರುಗೋಡು ಕಡೆಯಿಂದ ಬರುವ ಗರ್ಭಿಣಿ ತಾಯಂದಿರಿಗೂ ಒಂದು ಮಾತು. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿರಿ. ಚಹಾದ ಫ್ಲೇವನಾಯ್ಡ್‌ಗಳು ಕರುಳಿನಲ್ಲೇ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಅದು ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಮಾತ್ರೆಗೂ ಚಹಾಕ್ಕೂ ಎರಡು ಗಂಟೆ ಅಂತರವಿರಲಿ. ನಿಂಬೆ ಪಾನಕದೊಂದಿಗೆ ತೆಗೆದುಕೊಂಡರೆ ಒಳ್ಳೆಯದು.

ಅಜ್ಜಾರು ಮತ್ತೆ ಮಾತ್ರೆ ಶುರು ಮಾಡಿ ಮನೆಗೆ ಹೋದರು. ತಟ್ಟೆಯಲ್ಲಿ ಈರುಳ್ಳಿಯೂ ಇರಲಿ, ಹೊತ್ತಿಗೆ ಸರಿಯಾಗಿ ಮಾತ್ರೆಯೂ ಇರಲಿ. ಸಂಶಯ ಬಂದರೆ ನೆರೆಹೊರೆಯವರ ಮಾತು ಕೇಳಿ ಮಾತ್ರೆ ನಿಲ್ಲಿಸದೆ, ನಮ್ಮನ್ನು ಕೇಳಿರಿ. ನೀವೆಲ್ಲರೂ ಬೇಗ ಗುಣವಾಗಿರೆಂದು ಹಾರೈಸುತ್ತೇನೆ.