ನೀತಿವಿಚಾರದ ಹೊಸ ಲೇಖನಗಳು ಊರಿಗೆ ಬರುವ ದಾರಿ

ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಕುಳಿತು ನೀತಿಶಾಸ್ತ್ರ, ರಾಜ್ಯತತ್ತ್ವಗಳ ಹೊಸ ಲೇಖನಗಳನ್ನು ಓದುವದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವುಂಟು. ಆದರೆ ದಾರಿಯಲ್ಲಿ ಕೀಲಿ ಹಾಕಿದ ಬಾಗಿಲೊಂದಿದೆ.

ಈ ವಿಚಾರಗಳೇನೂ ನಮ್ಮ ಊರುಗಳಿಗೆ ಪರಕೀಯವಲ್ಲ. ಬರಗಾಲದಲ್ಲಿ ಕೆರೆಯ ನೀರು ಮೊದಲು ಯಾರಿಗೆ? ಬೆಳೆಹಾನಿಯ ಪರಿಹಾರ ಹೊಲದ ಒಡೆಯನಿಗೋ, ಲಾವಣಿ ಹಿಡಿದು ದುಡಿದವನಿಗೋ? ಕಟ್ಟೆಯ ಮೇಲೆ ಕುಳಿತವರು ಕೇಳುವದನ್ನೇ ವಿದ್ವಾಂಸರೂ ಕೇಳುತ್ತಾರೆ. 1971ರಲ್ಲಿ ಪೂರ್ವ ಬಂಗಾಲದ ನಿರಾಶ್ರಿತರು ತಂಡೋಪತಂಡವಾಗಿ ಭಾರತಕ್ಕೆ ಬಂದರು. ಅವರ ಸಂಕಟವನ್ನು ಮುಂದಿಟ್ಟುಕೊಂಡು ಪೀಟರ್ ಸಿಂಗರ್ ಅವರು 1972ರಲ್ಲಿ ‘ಫಿಲಾಸಫಿ ಅಂಡ್ ಪಬ್ಲಿಕ್ ಅಫೇರ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹೊಂಡದಲ್ಲಿ ಮುಳುಗುತ್ತಿರುವ ಕೂಸನ್ನು ಕಂಡವನು, ಬಟ್ಟೆ ಕೆಸರಾದೀತೆಂದು ಸುಮ್ಮನಿರಬಹುದೇ? ಇರಬಾರದೆಂದಾದರೆ, ದೂರದೂರಿನಲ್ಲಿ ಹಸಿದ ಕೂಸಿನ ವಿಷಯದಲ್ಲಿ ದೂರವೊಂದೇ ನೆಪವಾದೀತೇ? ಈ ವಾದ ಇನ್ನೂ ಮುಗಿದಿಲ್ಲ.

ಇಂಥ ಲೇಖನಗಳು ವರ್ಷಕ್ಕೆ ನೂರಾರು ಬರುತ್ತವೆ. ಎಲ್ಲವನ್ನೂ ಓದುತ್ತೇನೆಂಬವನು ಯಾವುದನ್ನೂ ಓದಲಾರ. ಆದ್ದರಿಂದ ಮೊದಲು ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಶ್ವಕೋಶ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಆ ಪ್ರಶ್ನೆಯ ಹಿನ್ನೆಲೆ ತಿಳಿಯಿರಿ. ಬಳಿಕ ‘ಫಿಲ್‌ಪೇಪರ್ಸ್’ ಎಂಬ ಸೂಚಿಯಲ್ಲಿ ಹೊಸ ಲೇಖನಗಳ ಪಟ್ಟಿ ನೋಡಿರಿ. ತಿಂಗಳಿಗೆ ಹತ್ತು ಸಾರಾಂಶ ಓದಿ, ಒಂದೇ ಲೇಖನವನ್ನು ಪೂರ್ತಿ ಓದಿದರೂ ಸಾಕು. ಲೇಖಕನು ಯಾರಿಗೆ ಉತ್ತರ ಕೊಡುತ್ತಿದ್ದಾನೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸವಾದಂತೆ.

ಇನ್ನು ಆ ಬಾಗಿಲಿನ ಮಾತು. ಒಂದೊಂದು ಲೇಖನಕ್ಕೂ ಪ್ರಕಾಶಕರು ಕೇಳುವ ಬೆಲೆ ಸಾಮಾನ್ಯನಿಗೆ ನಿಲುಕುವಂಥದಲ್ಲ. ಕೇಂದ್ರ ಸರಕಾರ 2025ರಿಂದ 2027ರ ವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿ, ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಧಾರವಾಡದಲ್ಲಿ ಎಂ.ಎ. ಓದುವಾಗ ತೆರೆದಿದ್ದ ಬಾಗಿಲು, ಪದವಿ ಪಡೆದು ಊರಿಗೆ ಮರಳಿದವನಿಗೆ ಮುಚ್ಚಿಹೋಗುತ್ತದೆ. ನ್ಯಾಯವನ್ನು ಕುರಿತ ಬರಹ ಹಣವುಳ್ಳವರಿಗೆ, ಇಲ್ಲವೆ ಸಂಸ್ಥೆಯ ನೆರಳಿನಲ್ಲಿರುವವರಿಗೆ ಮಾತ್ರ ಸಲ್ಲುವದು ನ್ಯಾಯವೇ?

ಈ ಪ್ರಶ್ನೆ ಪಂಡಿತರನ್ನೂ ಕಾಡಿದೆ. ಸಿಂಗರರ ಲೇಖನ ಬಂದ ಆ ಪತ್ರಿಕೆಯ ಸಂಪಾದಕರೇ 2024ರಲ್ಲಿ ಒಟ್ಟಾಗಿ ರಾಜೀನಾಮೆಯಿತ್ತು, ಓದುಗರಿಂದಲೂ ಲೇಖಕರಿಂದಲೂ ಹಣ ಪಡೆಯದ ಹೊಸ ಪತ್ರಿಕೆಯನ್ನು ಸಾರಿದರು. ‘ಜರ್ನಲ್ ಆಫ್ ಎಥಿಕ್ಸ್ ಅಂಡ್ ಸೋಶಿಯಲ್ ಫಿಲಾಸಫಿ’ ಮೊದಲಿನಿಂದಲೂ ಉಚಿತ. ಅನೇಕ ಲೇಖಕರು ತಮ್ಮ ಕರಡು ಪ್ರತಿಗಳನ್ನು ಅಂತರಜಾಲದಲ್ಲಿ ಇಟ್ಟಿರುತ್ತಾರೆ. ಸಿಗದಿದ್ದರೆ ಲೇಖಕರಿಗೇ ವಿನಯದಿಂದ ಪತ್ರ ಬರೆದು ಕೇಳಬಹುದು.

ಓದಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಲೇಖನದ ತಿರುಳನ್ನು ಹತ್ತು ಕನ್ನಡ ವಾಕ್ಯಗಳಲ್ಲಿ ಬರೆಯಿರಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾಲ್ಕು ಜನರ ಮುಂದೆ ಓದಿರಿ. ಅವರು ಎದುರುವಾದ ಹೂಡಿದರೆ ಬೇಸರಿಸಬೇಡಿರಿ. ನೀರಿನ ಸರದಿಗಾಗಿ ಕಾದವರು ಆಡುವ ಮಾತಿನಲ್ಲಿ, ಪತ್ರಿಕೆಗಳು ಇನ್ನೂ ಕಾಣದ ಒಂದು ಉತ್ತರವಿದ್ದೀತು.