ಮುಗ್ಗಲು ಕಾಳು ಮನೆಗೂ ಬೇಡ



ಈವತ್ತು ನಾವು ಕಡಲೆಕಾಯಿ ವಿಷಯ ಮಾತಾಡೋಣ. ಕೆಲವು ಕಡೆ ಇದನ್ನೇ ಶೇಂಗಾ ಅಂತಾರೆ. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಬಯಲುಸೀಮೆಯ ಬೆಳೆ ಇದು. ಮಳೆ ನಂಬಿ ಬೆಳೆಯುವ ಬೆಳೆ. ಕಳೆ ತೆಗೆಯೋರು ನಾವು. ಬಳ್ಳಿಯಿಂದ ಕಾಯಿ ಬಿಡಿಸೋರು ನಾವು. ಕಾಯಿ ಸುಲಿಯೋರೂ ನಾವೇ.

ಕಡಲೆಕಾಯಿ ಒಳ್ಳೇ ಆಹಾರ. ನೂರು ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇದು ಬೇಕು. ಆದ್ದರಿಂದ ಕಡಲೆಕಾಯಿ ತಿನ್ನಬೇಡಿ ಅಂತ ನಾವು ಹೇಳುತ್ತಿಲ್ಲ. ಎಂಥಾದ್ದು ತಿನ್ನಬೇಕು, ಎಂಥಾದ್ದು ಬಿಡಬೇಕು ಅಂತ ತಿಳಿಯೋಣ.

ಬೀಜ ಹಸನು ಮಾಡುವಾಗ ನಾವು ಏನು ಮಾಡ್ತೀವಿ? ದಪ್ಪ ಬೀಜ, ಹೊಳೆಯೋ ಬೀಜ ಮಾರಾಟಕ್ಕೆ ಹೋಗುತ್ತೆ. ಮುರುಟಿದ್ದು, ಕಪ್ಪಾದದ್ದು, ಹುಳ ತಿಂದದ್ದು ಮೊರದಲ್ಲಿ ಉಳಿಯುತ್ತೆ. ಅದನ್ನು ಎಸೆಯೋಕೆ ಮನಸ್ಸು ಬರಲ್ಲ. ಹುರಿದು ಚಟ್ನಿಪುಡಿ ಮಾಡ್ತೀವಿ. ಮಿಕ್ಕಿದ್ದು ದನಕ್ಕೆ ಹಾಕ್ತೀವಿ. ಒಳ್ಳೇದು ಪೇಟೆಗೆ, ಕೆಟ್ಟದ್ದು ಮನೆಗೆ! ಅಪಾಯ ಇರೋದು ಇಲ್ಲೇ.

ಬೂಷ್ಟಿನಲ್ಲಿ ವಿಷ

ತೇವದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಲ್ಲಿ ಹಲವು ಜಾತಿ ಇವೆ. ಹಳದಿ ಹಸಿರು ಬಣ್ಣದ ಒಂದು ಜಾತಿಯ ಬೂಷ್ಟು ಕಾಳಿನೊಳಗೆ ವಿಷ ಮಾಡುತ್ತದೆ. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಹೆಸರು ಕಷ್ಟ, ಬಿಡಿ. ನಾವು ಬೂಷ್ಟಿನ ವಿಷ ಅಂತಲೇ ಕರೆಯೋಣ.

ಇದು ತಿಳಿದದ್ದು ಹೇಗೆ? 1960ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಅಂತ ಮೊದಲು ಯಾರಿಗೂ ಗೊತ್ತಾಗಲಿಲ್ಲ. ವಿಜ್ಞಾನಿಗಳು ಕೋಳಿಗಳ ಮೇವನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿ ಇತ್ತು. ಹಿಂಡಿಯಲ್ಲಿ ಬೂಷ್ಟಿನ ವಿಷ ಇತ್ತು.

ನಮ್ಮ ದೇಶದಲ್ಲಿ ಏನಾಯಿತು?

ಅದು ಕೋಳಿಗಳ ಮಾತಾಯಿತು. ನಮ್ಮ ದೇಶದಲ್ಲಿ ಜನರೇ ಸತ್ತಿದ್ದಾರೆ. 1974ರಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಹೀಗಾಯಿತು. ಅಲ್ಲಿನ ಜನರ ದಿನದ ಊಟ ಮುಸುಕಿನ ಜೋಳದ ರೊಟ್ಟಿ. ಆ ವರ್ಷ ಅಕಾಲದಲ್ಲಿ ಮಳೆ ಬಂತು. ತೆನೆ ನೆನೆಯಿತು. ಕಾಳಿಗೆ ಬೂಷ್ಟು ಬಂತು. ಮನೆಯಲ್ಲಿ ಬೇರೆ ಕಾಳು ಇರಲಿಲ್ಲ. ಬಡವರು ಅದನ್ನೇ ಬೀಸಿ ತಿಂದರು.

ಕೆಲವು ವಾರಗಳಲ್ಲಿ ಕಾಯಿಲೆ ಬಂತು. ಕಣ್ಣು ಹಳದಿಯಾಯಿತು. ಹೊಟ್ಟೆಯಲ್ಲಿ ನೀರು ತುಂಬಿತು. ಅದೇ ರೊಟ್ಟಿ ತಿಂದ ಮನೆಯ ನಾಯಿಗಳೂ ಸತ್ತವು. 397 ಜನ ರೋಗಿಗಳಲ್ಲಿ 106 ಜನ ತೀರಿಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೋಗಿ ನೋಡಿದರು. ಮನೆಮನೆಯ ಕಾಳು ಪರೀಕ್ಷಿಸಿದರು. ವಿಷ ಇದ್ದದ್ದು ಊಟದಲ್ಲೇ ಅಂತ ತೋರಿಸಿಕೊಟ್ಟರು.

ಎಲ್ಲ ಸಲವೂ ಹೀಗೆ ಬೇಗ ಸಾವು ಬರಲ್ಲ. ಸ್ವಲ್ಪ ಸ್ವಲ್ಪವೇ ಬಹಳ ವರ್ಷ ತಿಂದರೂ ಈ ವಿಷ ಈಲಿಯನ್ನು, ಅಂದರೆ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಅಲ್ಲಿ ಕ್ಯಾನ್ಸರ್ ಆಗಬಹುದು. ಬೂಷ್ಟಿನ ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಈ ವಿಷ ಬರುತ್ತದೆ. ಅದೇ ಹಾಲನ್ನು ತಾನೇ ನಾವು ಮಗುವಿಗೆ ಕುಡಿಸೋದು?

ತೊಳೆದರೆ ಹೋಗುತ್ತಾ? ಹುರಿದರೆ ಹೋಗುತ್ತಾ?

ಹೋಗಲ್ಲ. ತೊಳೆದರೆ ಮೇಲಿನ ಬೂಷ್ಟು ಹೋಗಬಹುದು, ಒಳಗಿನ ವಿಷ ಹೋಗಲ್ಲ. ಕುದಿಸಿದರೂ, ಹುರಿದರೂ ಪೂರ್ತಿ ನಾಶ ಆಗಲ್ಲ. ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ಮುಗ್ಗಲು ವಾಸನೆ ಮುಚ್ಚಿಹೋಗುತ್ತೆ. ವಿಷ ಹಾಗೇ ಇರುತ್ತೆ.

ಹಾಗಾದರೆ ದಾರಿ ಏನು? ಬೂಷ್ಟು ಬಾರದ ಹಾಗೆ ನೋಡಿಕೊಳ್ಳಬೇಕು. ಬಂದ ಕಾಳನ್ನು ಆರಿಸಿ ತೆಗೆಯಬೇಕು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಸಂಶೋಧನಾ ಸಂಸ್ಥೆ ಇದೆ. ಒಣಭೂಮಿ ಬೆಳೆಗಳ ಬಗ್ಗೆ ಅಲ್ಲಿ ಕೆಲಸ ನಡೆಯುತ್ತದೆ. ಅಲ್ಲಿನ ವಿಜ್ಞಾನಿಗಳು ನಮ್ಮ ಪಕ್ಕದ ಅನಂತಪುರ ಸೀಮೆಯ ರೈತರ ಹೊಲಗಳಲ್ಲೂ ಪ್ರಯೋಗ ಮಾಡಿದ್ದಾರೆ. ಅವರ ಕೆಲಸದಿಂದ ಒಂದು ಮಾತು ಸ್ಪಷ್ಟವಾಗಿದೆ. ರಾಶಿಯ ಎಲ್ಲ ಬೀಜದಲ್ಲೂ ವಿಷ ಒಂದೇ ಸಮ ಇರಲ್ಲ. ಹೆಚ್ಚಿನ ವಿಷ ಕೆಲವೇ ಬೀಜಗಳಲ್ಲಿ ಇರುತ್ತದೆ. ಯಾವುವು ಅವು? ಮುರುಟಿದವು, ಬಣ್ಣ ಕೆಟ್ಟವು, ಹುಳ ಕಡಿದವು. ನಾವು ಮನೆಗೆ ಇಟ್ಟುಕೊಳ್ಳೋದು ಅವನ್ನೇ!

ನಾವು ಏನು ಮಾಡಬೇಕು?

ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟರೆ ನೆಲದೊಳಗೇ ಬೂಷ್ಟು ತಗಲುತ್ತದೆ. ನೀರಿನ ಅನುಕೂಲ ಇದ್ದರೆ ಆಗ ಒಂದು ಸಲ ನೀರು ಹಾಯಿಸಬೇಕು.

ಕಳೆ ತೆಗೆಯುವಾಗ, ಬಳ್ಳಿ ಕೀಳುವಾಗ ಕಾಯಿಗೆ ಪೆಟ್ಟು ಬೀಳಬಾರದು. ಒಡೆದ ಸಿಪ್ಪೆಯೊಳಗೆ ಬೂಷ್ಟು ಸುಲಭವಾಗಿ ನುಗ್ಗುತ್ತದೆ.

ಹಸಿ ಬಳ್ಳಿಯನ್ನು ರಾಶಿ ಒಟ್ಟಬಾರದು. ಕಾಯಿ ಮೇಲೆ ಬರುವ ಹಾಗೆ ಬಳ್ಳಿ ತಿರುವಿ ಒಣಗಿಸಬೇಕು. ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ಇನ್ನೂ ಬಿಸಿಲು ಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಬೇಕು.

ಚೀಲವನ್ನು ಬರೀ ನೆಲದ ಮೇಲೆ ಇಡಬಾರದು. ಹಲಗೆ ಹಾಕಿ ಅದರ ಮೇಲೆ ಇಡಬೇಕು. ಗೋಡೆಗೆ ತಾಗಿಸಬಾರದು. ಸೂರು ಸೋರುವ ಕಡೆ ಇಡಲೇಬಾರದು.

ಈ ಮಾತು ಕಡಲೆಕಾಯಿಗೆ ಮಾತ್ರ ಅಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮುಸುಕಿನ ಜೋಳದ ರೊಟ್ಟಿ ತಿಂದು ಜನರಿಗೆ ಹೊಟ್ಟೆನೋವು, ಭೇದಿ ಬಂತು. ಅದು ಬೇರೆ ಜಾತಿಯ ಬೂಷ್ಟಿನ ವಿಷ. ಜೋಳವಾಗಲಿ, ಒಣಮೆಣಸಿನಕಾಯಿಯಾಗಲಿ, ಚೆನ್ನಾಗಿ ಒಣಗಿಸಿಯೇ ಇಡಬೇಕು.

ಕಾಯಿಗೆ ನೀರು ಚಿಮುಕಿಸಬೇಡಿ

ಇನ್ನೊಂದು ಮಾತು. ನಮ್ಮಲ್ಲಿ ಹಲವರು ಕೂಲಿಗೆ ಕಾಯಿ ಸುಲಿಯುತ್ತೀವಿ. ಸುಲಿದಷ್ಟಕ್ಕೆ ಕೂಲಿ. ಒಣಗಿದ ಸಿಪ್ಪೆ ಗಟ್ಟಿ. ಬೆರಳು ನೋಯುತ್ತೆ, ಉಗುರು ಕೀಳುತ್ತೆ. ಅದಕ್ಕೆ ಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡುವ ರೂಢಿ ಇದೆ. ಒಣಗಿದ ಕಾಯಿಗೆ ಮತ್ತೆ ನೀರು ಬಿದ್ದರೆ ಬೂಷ್ಟಿಗೆ ಹಬ್ಬ.

ಇದು ಸುಲಿಯೋರ ತಪ್ಪು ಮಾತ್ರ ಅಲ್ಲ. ಕೂಲಿ ಕಡಿಮೆ, ಅವಸರ ಜಾಸ್ತಿ. ಕೈಯಿಂದ ತಿರುಗಿಸುವ ಸುಲಿಯುವ ಯಂತ್ರ ಇದೆ. ಅದಕ್ಕೆ ನೀರು ಬೇಡ. ಒಬ್ಬೊಬ್ಬರು ಕೊಳ್ಳೋದು ಕಷ್ಟ. ಮಹಿಳಾ ಸಂಘದವರು ಸೇರಿ ಒಂದು ಕೊಳ್ಳಬಹುದು. ಇದನ್ನು ಸಂಘದ ಸಭೆಯಲ್ಲಿ ಮಾತಾಡೋಣ. ಬೂಷ್ಟಿನ ಧೂಳೂ ಒಳ್ಳೇದಲ್ಲ. ಹಸನು ಮಾಡುವಾಗ ಮೂಗು, ಬಾಯಿಗೆ ಸೆರಗು ಕಟ್ಟಿಕೊಳ್ಳೋಣ.

ಎಸೆಯೋದು ಪಾಪ ಅಲ್ಲವಾ?

ಹಿರಿಯರು ಕೇಳ್ತಾರೆ: "ಬೆಳೆದ ಕಾಳು ಎಸೆಯೋದಾ ತಾಯಿ? ಅನ್ನ ಅಲ್ಲವಾ ಅದು?" ನಿಜ. ಹಸಿವು ಕಂಡವರಿಗೆ ಒಂದೊಂದು ಕಾಳೂ ಅನ್ನವೇ. ಆದರೆ ಬೂಷ್ಟು ಹಿಡಿದ ಕಾಳು ಅನ್ನವಾಗಿ ಉಳಿದಿಲ್ಲ. ನೂರು ಬೀಜದಲ್ಲಿ ನಾಲ್ಕು ತೆಗೆದರೆ ತೊಂಬತ್ತಾರು ಉಳಿಯುತ್ತವೆ. ಆ ನಾಲ್ಕನ್ನು ಬೆರೆಸಿ ಕುಟ್ಟಿದರೆ ಪುಡಿಯೆಲ್ಲ ಕೆಡುತ್ತದೆ. ತೆಗೆದದ್ದನ್ನು ದನಕ್ಕೂ ಕೋಳಿಗೂ ಹಾಕಬಾರದು. ಗಾಣಕ್ಕೂ ಕಳಿಸಬಾರದು. ದೂರ ಗುಂಡಿ ತೋಡಿ ಹೂಳಬೇಕು.

ಕಣ್ಣಿಗೆ ಚೆನ್ನಾಗಿ ಕಂಡ ಬೀಜದಲ್ಲೂ ಒಂದಿಷ್ಟು ವಿಷ ಇರಬಹುದು. ಅದನ್ನು ಪ್ರಯೋಗಶಾಲೆಯಲ್ಲೇ ನೋಡಬೇಕು. ಆದರೆ ಹೆಚ್ಚಿನ ವಿಷ ತೆಗೆದುಹಾಕುವ ಶಕ್ತಿ ನಮ್ಮ ಕಣ್ಣಿಗೆ, ನಮ್ಮ ಬೆರಳಿಗೆ ಇದೆ. ಪೇಟೆಯವರಿಗೆ ಆರಿಸಿ ಕೊಡೋ ನಾವು ನಮ್ಮ ಮಕ್ಕಳಿಗೂ ಆರಿಸಿ ಕೊಡೋಣ.

ನೆನಪಿಡೋಣ:

ಚೆನ್ನಾಗಿ ಒಣಗಿಸೋಣ.
ಒಣಗಿದ್ದನ್ನು ನೆನೆಸದಿರೋಣ.
ಕೆಟ್ಟದ್ದನ್ನು ಆರಿಸಿ ತೆಗೆಯೋಣ.
ಪೇಟೆಗೆ ಬೇಡವಾದ ಮುಗ್ಗಲು ಕಾಳು ನಮ್ಮ ಮನೆಗೂ ಬೇಡ, ಕೊಟ್ಟಿಗೆಗೂ ಬೇಡ.

ಈ ಪಾಠವನ್ನು ಓದು ಬಾರದ ಅಕ್ಕಪಕ್ಕದವರಿಗೆ ಓದಿ ಹೇಳಿ.