ಜಟೆಯ ಜತನ

ಜಡೆಗಟ್ಟಿದ ಕೂದಲೆಂದರೆ ನಮ್ಮ ಕಡೆ ನೆನಪಾಗುವುದು ಹಿಮಾಲಯದ ಸಾಧು, ಇಲ್ಲವೇ ಸವದತ್ತಿ ಎಲ್ಲಮ್ಮನ ಜೋಗತಿ. ಅಮೆರಿಕದ ಕಪ್ಪು ಜನ ‘ಲಾಕ್ಸ್’ ಎಂದು ಬೆಳೆಸಿಕೊಳ್ಳುವ ಜಟೆಯ ಲೆಕ್ಕವೇ ಬೇರೆ. ಅದನ್ನು ತೊಳೆಯುವುದೇ ಇಲ್ಲ ಎಂಬುದು ಶುದ್ಧ ಸುಳ್ಳು. ಶಾಂಪೂ ಹಾಕಿ ನೆತ್ತಿಯನ್ನು ಬೆರಳ ತುದಿಯಿಂದ ಉಜ್ಜಿ, ಜಿಡ್ಡು ಉಳಿಯದಂತೆ ನೀರು ಹೊಯ್ದು, ಒಂದೊಂದೇ ಜಟೆಯನ್ನು ಟವೆಲ್ಲಿನಲ್ಲಿ ಹಿಂಡುತ್ತಾರೆ. ಒಳಗೆ ತೇವ ಉಳಿದರೆ ಮುಗ್ಗಲು ವಾಸನೆ ಗ್ಯಾರಂಟಿ! ಆಮೇಲೆ ಬುಡದಲ್ಲಿ ಹೊಸದಾಗಿ ಬಂದ ಕೂದಲನ್ನು ಬತ್ತಿಯಂತೆ ಹೊಸೆಯುವುದು. ಅಂದಕ್ಕೆಂದು ತೀರ ಬಿಗಿದರೆ ಹಣೆಯಂಚಿನಲ್ಲಿ ಕೂದಲು ಉದುರಿ ಬೋಳಾಗುತ್ತದೆ. ರಾತ್ರಿ ಸ್ಯಾಟಿನ್ ಬಟ್ಟೆ ಸುತ್ತಿಕೊಂಡೇ ಮಲಗುವುದು. ಹತ್ತಿಯ ದಿಂಬಿನ ಜುಂಗು ಜಟೆಗೆ ಅಂಟಿದರೆ ಬಿಡಿಸುವುದು ದೊಡ್ಡ ತಲೆನೋವು.

ಇಂಥ ಜಟೆ ಮುಂದೆ ಗಲೀಜಾಗುತ್ತದೆಂದು ಅಲಬಾಮಾದ ಕಂಪನಿಯೊಂದು 2010ರಲ್ಲಿ ಮಹಿಳೆಯೊಬ್ಬರಿಗೆ ಕೊಟ್ಟ ಕೆಲಸವನ್ನೇ ವಾಪಸ್ ಪಡೆಯಿತು. ಇದು ವರ್ಣಭೇದವೆಂದು ಮೊಕದ್ದಮೆ ಹೂಡಿದರೆ, 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರವೇ ನಿಂತಿತು: ಮೈಬಣ್ಣ ಹುಟ್ಟಿನಿಂದ ಬಂದದ್ದು, ಕೇಶವಿನ್ಯಾಸ ಬದಲಿಸಬಹುದಲ್ಲ ಎಂದು. ಎಂಥ ತರ್ಕ ನೋಡಿ! ಕೊನೆಗೆ 2019ರಲ್ಲಿ ಕ್ಯಾಲಿಫೋರ್ನಿಯಾ ‘ಕ್ರೌನ್ ಕಾಯ್ದೆ’ ತಂದು, ಶಾಲೆ ಮತ್ತು ಕಚೇರಿಗಳಲ್ಲಿ ಕೂದಲಿನ ಹೆಸರಿನ ತಾರತಮ್ಯವನ್ನು ನಿಷೇಧಿಸಿತು. ಹಲವು ರಾಜ್ಯಗಳು ಅದನ್ನೇ ಅನುಸರಿಸಿವೆ.